ದೀಪದ ಮೇಲೆ ಕಪ್ಪು ಟೇಪು

ಹಳೆಯ ವಿಡಿಯೋ ಕ್ಯಾಮೆರಾಗಳ ಮೂತಿಯ ಹತ್ತಿರ ಒಂದು ಪುಟ್ಟ ಕೆಂಪು ದೀಪ ಇರುತ್ತಿತ್ತು. ಕ್ಯಾಮೆರಾ ಓಡುತ್ತಿರುವಷ್ಟು ಹೊತ್ತು ಅದು ಉರಿಯುತ್ತಿತ್ತು. ಎದುರಿಗಿರುವವರಿಗೆ ‘ಈಗ ನಿಮ್ಮನ್ನು ಹಿಡಿಯುತ್ತಿದ್ದೇನೆ, ಹುಷಾರಾಗಿರಿ’ ಎಂದು ಮುಂಚೆಯೇ ಹೇಳಿಬಿಡುವ ಮರ್ಯಾದಸ್ಥ ದೀಪ. ಅದರ ಮೇಲೆ ಕರೆಂಟ್ ಕೆಲಸದವರ ಕಪ್ಪು ಟೇಪು ಅಂಟಿಸಿದವನು ನಾನು. ಅಂಟಿಸು ಎಂದವನು ರಿಪೇರಿ.

ರಿಪೇರಿ ಎಂದರೆ ನನ್ನ ಗೆಳೆಯ, ಸಿನಿಮಾ ನಿರ್ದೇಶಕ. ಯಾವ ತರಬೇತಿ ಶಾಲೆಗೂ ಹೋಗದೆ, ಯಾರ ಕೈಕೆಳಗೂ ದುಡಿಯದೆ ತಾನೇ ಸಿನಿಮಾ ಕಲಿತವನು. ಈಚೆಗೆ ಒಂದು ಸಿನಿಮಾ ಸಂಘದವರು ಬಂದು, “ಅವರ ಸಾಧನೆ ಬಗ್ಗೆ ಪುಸ್ತಕ ತರ್ತಿದ್ದೀವಿ ಸಾರ್, ನೀವು ಅವರ ಕ್ಯಾಮೆರಾಮನ್, ನಾಲ್ಕು ಪುಟ ಬರೆದುಕೊಡಿ” ಎಂದರು. ಸಾಧನೆ ಬರೆಯೋಣವೆಂದೇ ಕೂತೆ. ಬಂದದ್ದು ಇದು. ಇದನ್ನು ಅವರು ಅಚ್ಚು ಹಾಕುವುದಿಲ್ಲ ಎಂದು ನನಗೆ ಗೊತ್ತು. ಹಾಕದಿದ್ದರೆ ಕತ್ತೆ ಬಾಲ, ನಾನಂತೂ ಬರೆದು ಮುಗಿಸುತ್ತೇನೆ.

ಬೀದಿಯ ತಿರುವಿನಲ್ಲಿ, ಟೈಲರ್ ಅಂಗಡಿಗೂ ಬೀಗದವನ ಅಂಗಡಿಗೂ ನಡುವೆ ಒತ್ತಿಕೊಂಡಂತೆ ಅವನ ಟಿ.ವಿ. ರಿಪೇರಿ ಅಂಗಡಿ ಇತ್ತು. ಒಳಗೆ ಹೋಗಬೇಕೆಂದರೆ ಉಸಿರು ಬಿಗಿಹಿಡಿದು ಅಡ್ಡಡ್ಡ ನುಗ್ಗಬೇಕು. ಗೋಡೆಯುದ್ದಕ್ಕೂ ಬೆನ್ನು ಬಿಚ್ಚಿಕೊಂಡ ಟಿ.ವಿ.ಗಳು, ಮೇಜಿನ ಮೇಲೆ ಬೆಸುಗೆ ಹಾಕುವ ಕಡ್ಡಿ, ಎಲ್ಲದರ ಮೇಲೂ ಸುಟ್ಟ ಸೀಸದ ವಾಸನೆ. ಅವನಿಗೆ ಒಂದು ಹೆಸರೂ ಇತ್ತು. ಆದರೆ ಬಾಡಿಗೆ ಮನೆಯ ಮಾಲೀಕರಿಂದ ಹಿಡಿದು ಪೋಸ್ಟಿನವನವರೆಗೆ ಎಲ್ಲರೂ ಅವನನ್ನು ರಿಪೇರಿ ಎಂದೇ ಕರೆಯುತ್ತಿದ್ದರು.

ಅಂಗಡಿಗೆ ಬರುವ ಟಿ.ವಿ.ಗಳಲ್ಲಿ ಎರಡೇ ಬಗೆ ಎಂದು ಅವನು ಹೇಳುತ್ತಿದ್ದ. ಒಂದರಲ್ಲಿ ಚಿತ್ರ ಬರುತ್ತದೆ, ಮಾತು ಬರುವುದಿಲ್ಲ. ಇನ್ನೊಂದರಲ್ಲಿ ಮಾತು ಬರುತ್ತದೆ, ಚಿತ್ರ ಬರುವುದಿಲ್ಲ. ಬೇರೆ ಮೆಕ್ಯಾನಿಕ್ ಆಗಿದ್ದರೆ ಒಂದು ಗಂಟೆಯಲ್ಲಿ ಸರಿಮಾಡಿ ಕಳಿಸುತ್ತಿದ್ದ. ಇವನು ಕೆಟ್ಟದ್ದನ್ನು ಕೆಟ್ಟ ಹಾಗೇ ಇಟ್ಟುಕೊಂಡು ಒಂದೊಂದು ವಾರ ಸಿನಿಮಾ ನೋಡುತ್ತಿದ್ದ. ಮಾತಿಲ್ಲದ ಟಿ.ವಿ.ಯಲ್ಲಿ ಮುಖ ನೋಡಿಯೇ ಕತೆ ಹಿಡಿಯಬೇಕು. ಹಿಡಿಯಲಾಗದಿದ್ದರೆ ಅದು ನಿರ್ದೇಶಕನ ತಪ್ಪೆಂದು ಹಳೆಯ ರಸೀದಿ ಪುಸ್ತಕದ ಬೆನ್ನಿಗೆ ಬರೆದಿಡುತ್ತಿದ್ದ. ಚಿತ್ರವಿಲ್ಲದ ಟಿ.ವಿ.ಯಲ್ಲಿ ಬಾಗಿಲು ಎಳೆದುಕೊಂಡ ಸದ್ದು, ಲೋಟ ಕೆಳಗಿಟ್ಟ ಸದ್ದು, ಯಾರೋ ಮಾತು ನುಂಗಿಕೊಂಡ ಸದ್ದು ಕೇಳಿ ಕೇಳಿ ಬರೆಯುತ್ತಿದ್ದ. “ಏನಯ್ಯಾ, ನಮ್ಮ ಟಿ.ವಿ. ಎಲ್ಲಿ?” ಎಂದು ಗಿರಾಕಿಗಳು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. “ಪಾರ್ಟ್ ಬರಬೇಕು ಸಾರ್” ಎಂದು ಇವನು ಕೂತಲ್ಲಿಂದ ಅಲುಗದೆ ಹೇಳುತ್ತಿದ್ದ. ಹೀಗೆ ಅರ್ಧ ಊರಿನ ಟಿ.ವಿ.ಗಳು ಬಾರದ ಪಾರ್ಟ್‌ಗೆ ಕಾಯುತ್ತ ಅವನಿಗೆ ಪಾಠ ಹೇಳಿಕೊಟ್ಟವು.

ನಾನು ಮದುವೆ ವಿಡಿಯೋದವನು. ಒಂದು ದಿನ ನನ್ನ ವಿ.ಸಿ.ಆರ್. ಕೆಟ್ಟು ಅವನ ಹತ್ತಿರ ತಂದೆ. ಪರೀಕ್ಷೆಗೆಂದು ಅದರೊಳಗಿದ್ದ ಮದುವೆ ಕ್ಯಾಸೆಟ್ಟನ್ನೇ ಹಾಕಿದ. ಆ ಕ್ಯಾಸೆಟ್ಟಿನ ಕೊನೆಯಲ್ಲಿ ನನ್ನದೊಂದು ಎಡವಟ್ಟಿತ್ತು. ಕ್ಯಾಮೆರಾ ನಿಲ್ಲಿಸುವುದನ್ನು ಮರೆತು ಊಟಕ್ಕೆ ಹೋಗಿದ್ದೆ. ಅದು ತನ್ನಷ್ಟಕ್ಕೆ ಮೂಲೆಯಲ್ಲಿ ನಿಂತು ಓಡುತ್ತಲೇ ಇತ್ತು. ಜನವೆಲ್ಲ ಹೋದಮೇಲೆ ಹುಡುಗಿಯ ಅಪ್ಪ ಬಂದು ಒಂದು ಕುರ್ಚಿಯಲ್ಲಿ ಕುಸಿಯುತ್ತಾರೆ, ಬೂಟು ಬಿಚ್ಚಿ ಹೆಬ್ಬೆರಳು ಹಿಸುಕಿಕೊಳ್ಳುತ್ತಾರೆ, ಮಗಳು ಕೂತಿದ್ದ ಕುರ್ಚಿಯ ಕಡೆ ನೋಡುತ್ತಾರೆ, ಅಷ್ಟೆ. ನಾನು ನಾಚಿ, “ಅದು ವೇಸ್ಟು, ಆರಿಸು” ಎಂದೆ. ರಿಪೇರಿ ನನ್ನ ಕೈ ತಳ್ಳಿದ.

“ಮೂರು ಗಂಟೆಯಿಂದ ಎಲ್ರೂ ಬರೀ ಹಲ್ಲು ಕಿರಿದಿದ್ದಾರೆ ಕಣೋ. ಇದೊಂದು ನಿಮಿಷದಲ್ಲಿ ಮಾತ್ರ ಮನುಷ್ಯ ಕಾಣ್ತಾನೆ. ಮುಗೀತು ಅಂತ ಗೊತ್ತಾದ್ಮೇಲೇ ಮುಖ ಶುರುವಾಗೋದು!”

ಅವನ ವಿದ್ಯೆಯೆಲ್ಲ ಇದೊಂದೇ ಮಾತಿನಲ್ಲಿತ್ತು. ನಾವು ಸಿನಿಮಾ ತೆಗೆಯಲು ಹೊರಟಾಗ ಅವನು ಮಾಡಿಕೊಂಡ ಕ್ರಮ ಇಷ್ಟು: ನಟರು ನಟಿಸಿ ಮುಗಿಸುತ್ತಾರೆ, ಇವನು “ಆಯ್ತು” ಎಂದು ಜೋರಾಗಿ ಹೇಳಿ ಬೆನ್ನು ತಿರುಗಿಸುತ್ತಾನೆ, ನಾನು ಸ್ಟ್ಯಾಂಡಿನ ತಿರುಪು ಸರಿಮಾಡುವವನ ಹಾಗೆ ಬಗ್ಗುತ್ತೇನೆ, ಕ್ಯಾಮೆರಾ ನಿಲ್ಲುವುದಿಲ್ಲ. ಕೆಂಪು ದೀಪ ಗುಟ್ಟು ಬಿಟ್ಟುಕೊಡಬಾರದಲ್ಲ, ಅದಕ್ಕೆ ಅವನ ಅಂಗಡಿಯ ಕಪ್ಪು ಟೇಪಿನದೊಂದು ಚೂರು. ಅಂಟಿಸುವಾಗ ನಾವಿಬ್ಬರೂ ಶಾಲೆ ತಪ್ಪಿಸಿದವರ ಹಾಗೆ ಕಿಸಕಿಸ ನಕ್ಕಿದ್ದೆವು. ಆ ನಗು ನೆನೆದರೆ ಈಗ ಕೆನ್ನೆ ಬಿಸಿಯಾಗುತ್ತದೆ.

ಇನ್ನು ಅಕ್ಕನ ವಿಷಯ ಹೇಳಬೇಕು. ಅವನ ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು. ಅವನನ್ನು ಹೆತ್ತ ವಾರದಲ್ಲೇ ತಾಯಿ ತೀರಿಕೊಂಡಳು. ಅಪ್ಪ ಲಾರಿ ಓಡಿಸುತ್ತಿದ್ದ, ವಾರಕ್ಕೊಂದು ದಿನ ಮನೆಗೆ ಬಂದರೆ ಹೆಚ್ಚು. ಆ ವರ್ಷವಷ್ಟೇ ಶಾಲೆಗೆ ಸೇರಿದ್ದ ಅಕ್ಕನನ್ನು ಶಾಲೆ ಬಿಡಿಸಿ ಮಗುವನ್ನು ಅವಳ ಸೊಂಟದ ಮೇಲೆ ಕೂರಿಸಿದರು. ಆ ಸೊಂಟ ಖಾಲಿಯಾಗುವ ಹೊತ್ತಿಗೆ ಶಾಲೆಯ ವಯಸ್ಸು ದಾಟಿತ್ತು. ಅವಳು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, “ಒಂದು ಮಗು ಸಾಕಿದ್ದೇ ಸಾಕಾಗಿದೆ” ಎಂದು ತಮ್ಮನ ಕಡೆ ಕೈ ತೋರಿಸಿ ನಗುತ್ತಿದ್ದಳು.

ರಿಪೇರಿ ಓದು ಕಲಿತಮೇಲೆ ಅಕ್ಕ ಅವನ ಜೊತೆ ಒಂದು ಆಟ ಶುರುಮಾಡಿದಳು. ಬೀದಿಯಲ್ಲಿ ನಡೆಯುವಾಗ ಪ್ರತಿ ಬೋರ್ಡನ್ನೂ ಬೆರಳಲ್ಲಿ ತೋರಿಸಿ, “ಏನಂತೆ ಅದು?” ಎನ್ನುವಳು. ಇವನು ಗಟ್ಟಿಯಾಗಿ ಓದುವನು. “ಸರಿ” ಎನ್ನುವಳು. ಅಕ್ಕನ ಆ ‘ಸರಿ’ಗೆ ಇವನು ಉಬ್ಬಿಹೋಗುತ್ತಿದ್ದ. ಅಕ್ಕ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆಂದೇ ತಿಳಿದಿದ್ದ. ಹದಿಮೂರು ವರ್ಷವಾದಾಗ ಒಂದು ದಿನ ತುಂಟತನಕ್ಕೆಂದು ಕ್ಷೌರದ ಅಂಗಡಿಯ ಬೋರ್ಡು ನೋಡಿ “ಹಾಲಿನ ಡೈರಿ” ಎಂದು ಓದಿದ. ಅಂಗಡಿ ಅವತ್ತು ಮುಚ್ಚಿತ್ತು. ಅಕ್ಕ “ಸರಿ” ಎಂದಳು.

“ಅವತ್ತಿಂದ ಒಂದಕ್ಷರನೂ ತಪ್ಪು ಓದಿಲ್ಲ ಕಣೋ” ಎಂದು ಅವನು ನನಗೆ ಹೇಳಿದ್ದ. ಅಪ್ಪ ತೀರಿಕೊಂಡಮೇಲೆ, ಅಕ್ಕನಿಗೆ ಓದು ಬಾರದೆಂದು ಗೊತ್ತಿದ್ದವರು ಭೂಮಿಯ ಮೇಲೆ ಅವನೊಬ್ಬನೇ, ಆಮೇಲೆ ನಾನು.

ಬೇರೆ ಯಾರಿಗಾದರೂ ಗೊತ್ತಾಗುವುದಾದರೂ ಹೇಗೆ? ಅಕ್ಕ ಹತ್ತೊಂಬತ್ತು ವರ್ಷದಿಂದ ಒಬ್ಬ ಡಾಕ್ಟರ ದವಾಖಾನೆಯಲ್ಲಿ ರೋಗಿಗಳ ಕಾರ್ಡು ತೆಗೆದುಕೊಡುವ ಕೆಲಸದಲ್ಲಿದ್ದಳು. ಕಾರ್ಡಿನ ಮೇಲೆ ಬರೆಯುವುದೆಲ್ಲ ಡಾಕ್ಟರೇ. ಹುಡುಕಿಕೊಡುವುದು, ಮತ್ತೆ ಇಡುವುದು ಅಕ್ಕ. ಉದ್ದನೆಯ ಮರದ ಡ್ರಾಯರುಗಳು, ಅದರಲ್ಲಿ ಸಾವಿರಗಟ್ಟಲೆ ಕಾರ್ಡು. ಅವು ಅಕ್ಷರದ ಸಾಲಿನಲ್ಲಿವೆ ಎಂದು ಡಾಕ್ಟರು ನಂಬಿದ್ದರು. ಇದ್ದದ್ದು ಬೀದಿಯ ಸಾಲಿನಲ್ಲಿ, ಮನೆಯ ಸಾಲಿನಲ್ಲಿ, ಅತ್ತೆಯ ಹಿಂದೆ ಸೊಸೆ, ಸೊಸೆಯ ಹಿಂದೆ ಮಕ್ಕಳು. ಹೊಸಬರಾದರೆ ಕಾರ್ಡಿನ ಮೂಲೆಗೆ ಒಂದು ತೂತು ಮಾಡಿ ಬಣ್ಣದ ದಾರ ಕಟ್ಟುತ್ತಿದ್ದಳು. ಕೆಮ್ಮಿನವರಿಗೆ ನೀಲಿ, ಬಸುರಿಯರಿಗೆ ಹಳದಿ, ಬಾಯಿ ಜೋರಿನವರಿಗೆ ಕೆಂಪು. ಅಂದವಾಗಿರಲೆಂದು ಕಟ್ಟಿದ್ದಾಳೆಂದು ಜನ ತಿಳಿದಿದ್ದರು. ರೋಗಿ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಕಾರ್ಡು ಮೇಜಿನ ಮೇಲಿರುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಕಾರ್ಡು ಅದಲುಬದಲಾಗಿರಲಿಲ್ಲ.

ಬೆಳಿಗ್ಗೆ ದವಾಖಾನೆ ತೆರೆಯುವ ಮುಂಚೆ ಬೆಂಚಿನ ಮೇಲೆ ಕೂತು ಹತ್ತು ನಿಮಿಷ ಪೇಪರು ಹಿಡಿದುಕೊಳ್ಳುವುದು ಅವಳ ಇನ್ನೊಂದು ಅಭ್ಯಾಸ. ಫೋಟೋ ನೋಡಿ ಮೇಲು ಕೆಳಗು ಸರಿಮಾಡಿಕೊಳ್ಳುತ್ತಿದ್ದಳು. “ಏನಕ್ಕಾ ಸುದ್ದಿ?” ಎಂದು ಯಾರಾದರೂ ಕೇಳಿದರೆ, “ಇದ್ದದ್ದೇ, ಎಲ್ಲಾದ್ರ ಬೆಲೆ ಏರಿದೆ” ಎನ್ನುವಳು. ಆ ಉತ್ತರ ಒಂದು ದಿನವೂ ಸುಳ್ಳಾಗಿರಲಿಲ್ಲ.

ನಮ್ಮ ಸಿನಿಮಾದಲ್ಲಿ ಒಬ್ಬ ತಾಯಿಗೆ ದೂರ ಹೋದ ಮಗನಿಂದ ಕಾಗದ ಬರುತ್ತದೆ. ಆ ಪಾತ್ರಕ್ಕೆ ಒಪ್ಪಿದ್ದ ನಾಟಕದಾಕೆ ಶೂಟಿಂಗ್ ದಿನ ಬರಲಿಲ್ಲ. ರಿಪೇರಿ ಅಕ್ಕನ ಕಾಲು ಹಿಡಿಯುವುದೊಂದು ಬಾಕಿ. ಒಂದು ಮಧ್ಯಾಹ್ನದ ಕೆಲಸವೆಂದು ಹೇಳಿ ಒಪ್ಪಿಸಿದ. ಕಾಗದದಲ್ಲಿದ್ದ ಮಾತುಗಳನ್ನು ಅವನೇ ನಾಲ್ಕು ಸಲ ಓದಿ ಹೇಳಿದ, ಅಕ್ಕ ಬಾಯಿಪಾಠ ಮಾಡಿಕೊಂಡಳು. ಅವರ ಮನೆಯ ಅಡುಗೆಮನೆ ಮೆಟ್ಟಿಲ ಮೇಲೆ ಕೂತು, ಕಾಗದ ಹಿಡಿದು, ಎಲ್ಲೂ ತಡವರಿಸದೆ ಓದಿದವಳ ಹಾಗೆ ಹೇಳಿ ಮುಗಿಸಿದಳು. ಸುಮಾರಾಗಿತ್ತು.

“ಆಯ್ತು” ಎಂದ ರಿಪೇರಿ, ಬೆನ್ನು ತಿರುಗಿಸಿ ಲೈಟಿನ ವೈರು ಸುತ್ತುವ ನಾಟಕ ಶುರುಮಾಡಿದ. ನಾನು ಬಗ್ಗಿ ತಿರುಪು ಹಿಡಿದುಕೊಂಡೆ.

ಅಕ್ಕ ಉಸಿರು ಬಿಟ್ಟಳು. “ಸದ್ಯ! ಇದನ್ನ ನೆಟ್ಟಗೆ ಹಿಡ್ಕೊಂಡಿದ್ನೇನೋ?” ಎಂದಳು. ಕಾಗದವನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು. ಬೆರಳನ್ನು ಸಾಲಿನ ಮೇಲೆ ಇಟ್ಟು ನಿಧಾನವಾಗಿ ಸರಿಸಿದಳು. “ಇದ್ರಲ್ಲಿ ನಿನ್ನ ಹೆಸರು ಎಲ್ಲಿದೆ?” ಎಂದಳು. ತಮ್ಮ ವೈರು ಸುತ್ತುತ್ತಲೇ ಇದ್ದ. ಬಾಯಿ ಬಿಟ್ಟರೆ ಶಾಟ್ ಕೆಡುತ್ತದೆಂದು ಅವನಿಗೆ ಗೊತ್ತಿತ್ತು. ಅಕ್ಕ ಒಂದು ಅಕ್ಷರದ ಮೇಲೆ ಬೆರಳು ನಿಲ್ಲಿಸಿ, “ಇದೇ ತಾನೇ?” ಎಂದು ತನ್ನಷ್ಟಕ್ಕೆ ನಕ್ಕಳು. ಆ ಅಕ್ಷರ ಅವನ ಹೆಸರಿನಲ್ಲೇ ಇರಲಿಲ್ಲ. ಆಮೇಲೆ ಆ ಕಾಗದವನ್ನು, ನಿಜವಾಗಿ ಯಾರೋ ಬರೆದದ್ದೆನ್ನುವ ಹಾಗೆ, ಮಡಚಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದು ನಿಮಿಷ ಹತ್ತು ಸೆಕೆಂಡು. ನನ್ನ ಇಡೀ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಶಾಟ್ ತೆಗೆದಿಲ್ಲ. ಆ ಮಾತು ನಿಜ, ಅದಕ್ಕೇ ಇಷ್ಟು ನಾಚಿಕೆ.

ರಿಪೇರಿ ಆ ಒಂದು ನಿಮಿಷಕ್ಕಾಗಿ ಕತೆಯನ್ನೇ ಬದಲಿಸಿದ. ಮಗನ ಮುಂದೆ ಓದು ಬರುತ್ತದೆಂದು ನಟಿಸುವ ತಾಯಿಯ ಕತೆಯಾಯಿತು ಅದು. ಮೊದಲ ಪ್ರದರ್ಶನ ಊರಿನ ಸಭಾಂಗಣದಲ್ಲಿ. ಆ ಶಾಟ್ ಬಂದಾಗ ನಾನು ಪರದೆ ನೋಡಲಿಲ್ಲ, ಅಕ್ಕನನ್ನು ನೋಡಿದೆ. ಅವಳು ಸೆರಗಿನ ತುದಿಯನ್ನು ಹಗ್ಗ ಹೊಸೆದ ಹಾಗೆ ಹೊಸೆಯುತ್ತಿದ್ದಳು. ದೀಪ ಹಾಕಿದ್ದೇ ತಡ ಹೆಂಗಸರು ಬಂದು ಮುತ್ತಿದರು. “ಅಬ್ಬಬ್ಬಾ, ಓದೋಕೆ ಬರದವರ ಹಾಗೆ ಎಷ್ಟು ಚೆನ್ನಾಗಿ ಮಾಡಿದ್ದೀರಿ!” ಅಕ್ಕ ಹೊಸೆದ ಸೆರಗನ್ನು ಬಿಡಿಸಿಕೊಳ್ಳುತ್ತ, “ಏನೋ, ಸ್ವಲ್ಪ ಅಭ್ಯಾಸ ಮಾಡ್ಕೊಂಡಿದ್ದೆ” ಎಂದಳು.

ಮನೆಗೆ ಬಂದಮೇಲೆ ತಮ್ಮನನ್ನು ಕೇಳಿದಳು, “ಯಾರಿಗೂ ಗೊತ್ತಾಗ್ಲಿಲ್ಲ ಅಲ್ವೇನೋ?”

“ಇಲ್ಲ ಅಕ್ಕಾ. ಎಲ್ರೂ ಆಕ್ಟಿಂಗ್ ಅಂದ್ಕೊಂಡಿದ್ದಾರೆ.”

“ಹಾಗಾದ್ರೆ ಸರಿ.”

ಅವನಿಗೆ ಸಿಕ್ಕ ಕೊನೆಯ ‘ಸರಿ’ ಅದು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಇದನ್ನೆಲ್ಲ ನಾನು ಬರೆಯಬೇಕಾಗಿಯೇ ಇರಲಿಲ್ಲ.

ಸಿನಿಮಾ ದೂರದ ದೊಡ್ಡ ಊರಿನ ಚಿತ್ರೋತ್ಸವಕ್ಕೆ ಹೋಗಿ ಬಹುಮಾನ ಹೊತ್ತು ತಂದಿತು. ಅದೇ ಸಭಾಂಗಣದಲ್ಲಿ ಸನ್ಮಾನ ಇಟ್ಟರು. ಅಕ್ಕ ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಅವಳ ಡಾಕ್ಟರು. ಮುಖ್ಯ ಅತಿಥಿ ರಂಗಭೂಮಿಯಲ್ಲಿ ಪಳಗಿದ ಹಿರಿಯರು. ಅವರು ನೇರವಾಗಿ ಹೇಳಿದರು, ಈ ಚಿತ್ರದಲ್ಲಿ ನಿರ್ದೇಶಕರದೇನೂ ದೊಡ್ಡ ಕೈಚಳಕವಿಲ್ಲ, ಚಿತ್ರವನ್ನು ಎತ್ತಿ ನಿಲ್ಲಿಸಿರುವುದು ಆ ತಾಯಿಯ ಅಭಿನಯ, ನಲವತ್ತು ವರ್ಷ ಬಣ್ಣ ಹಚ್ಚಿದ ನನಗೂ ಅದು ಬರುವುದಿಲ್ಲ. ಜನ ಚಪ್ಪಾಳೆ ತಟ್ಟಿದರು. ಅಕ್ಕ ಎದ್ದು ಕೈ ಮುಗಿದಳು. ರಿಪೇರಿಯ ಮುಖ ಹುಳ್ಳಗಾಯಿತು.

ನನಗೆ ಆ ಮುಖ ಗೊತ್ತು. ಹನ್ನೆರಡು ವರ್ಷ ಕೆಟ್ಟ ಟಿ.ವಿ.ಗಳ ಮುಂದೆ ಕೂತು ಕಲಿತದ್ದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವಲ್ಲ ಎಂಬ ಹೊಟ್ಟೆಯುರಿ. ಅದೂ ಸ್ವಂತ ಅಕ್ಕನ ಮೇಲೆ. ಮೈಕ್ ಹಿಡಿದು ಹೇಳಿಯೇಬಿಟ್ಟ.

“ಅದು ಅಭಿನಯ ಅಲ್ಲ ಸಾರ್. ನಮ್ಮಕ್ಕಂಗೆ ನಿಜವಾಗ್ಲೂ ಓದೋಕೆ ಬರಲ್ಲ. ಕ್ಯಾಮೆರಾ ಓಡ್ತಿದೆ ಅಂತಾನೂ ಅವಳಿಗೆ ಗೊತ್ತಿರಲಿಲ್ಲ. ಅದೇ ನನ್ನ ಟೆಕ್ನಿಕ್ಕು!”

ಆಮೇಲೆ ನನ್ನನ್ನು ವೇದಿಕೆಗೆ ಕರೆದ. ನಾನು ಕ್ಯಾಮೆರಾ ಎತ್ತಿ, ಕಪ್ಪು ಟೇಪು ಕಿತ್ತು, ದೀಪ ತೋರಿಸಿ, ಮತ್ತೆ ಅಂಟಿಸಿ ತೋರಿಸಿದೆ. ಜಾದೂಗಾರನ ಹಾಗೆ ತಲೆ ಬಗ್ಗಿಸಿ ವಂದಿಸಿದೆ ಕೂಡ. ಸಭೆಯೆಲ್ಲ ನಕ್ಕಿತು. ಆಮೇಲೆ ಎಲ್ಲರೂ ಅಕ್ಕನ ಕಡೆ ತಿರುಗಿ ಜೋರಾಗಿ ಚಪ್ಪಾಳೆ ಹೊಡೆದರು. ಅಷ್ಟು ಜನ ತನ್ನನ್ನೇ ನೋಡುತ್ತ ಹೊಡೆಯುವಾಗ ಅವಳಾದರೂ ಏನು ಮಾಡಿಯಾಳು? ಅವಳೂ ಹೊಡೆದಳು.

ಇಷ್ಟು ಸಾಲದೆಂಬಂತೆ, ಸಭೆ ಮುಗಿದಮೇಲೆ ಪೇಪರಿನವರೊಬ್ಬರು ಅವನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ನಾನೂ ಇದ್ದೆ. ಓದು ಬಾರದೆ ಇಷ್ಟು ದಿನ ಹೇಗೆ ಸಂಭಾಳಿಸಿದರು ಎಂದು ಕೇಳಿದರು. ಹೊಗಳಿಕೆಯ ಅಮಲಿನಲ್ಲಿದ್ದ ನಮ್ಮ ನಿರ್ದೇಶಕರು ದವಾಖಾನೆಯ ಡ್ರಾಯರು, ಬೀದಿಯ ಸಾಲು, ನೀಲಿ ದಾರ, ಹಳದಿ ದಾರ, ಹಿಡಿದುಕೊಳ್ಳುವ ಪೇಪರು, ಒಂದನ್ನೂ ಬಿಡದೆ ಹೇಳಿದರು. “ಡಾಕ್ಟರಿಗೂ ಇವತ್ತಿನವರೆಗೆ ಗೊತ್ತಿರಲಿಲ್ಲ ಸಾರ್!” ನಾನು ಪಕ್ಕದಲ್ಲಿ ಕೂತು ತಲೆಯಾಡಿಸಿದೆ.

ಮಾರನೆಯ ಬೆಳಿಗ್ಗೆ ಅವನು ನನ್ನ ಸ್ಟುಡಿಯೋಗೆ ಓಡಿಬಂದ. ಕೈಯಲ್ಲಿ ಮನೆಯ ಪೇಪರಿನಿಂದ ಹರಿದುಕೊಂಡ ಪುಟ. ಮೇಲೆ ಅವನ ದೊಡ್ಡ ಫೋಟೋ, ಕೆಳಗೆ ಮೂರು ಕಾಲಂ ತುಂಬ ಅವನ ಮಾತು. ಮೊದಲೆರಡರಲ್ಲಿ ಸಭೆಯಲ್ಲಿ ಹೇಳಿದ್ದು, ಮೂರನೆಯದರಲ್ಲಿ ದವಾಖಾನೆ. ತಂದವನ ಮುಖ ಬೂದಿಯಾಗಿತ್ತು.

“ಇದನ್ನ ಅಕ್ಕ ನೋಡಬಾರ್ದು ಕಣೋ.”

“ನೋಡಿದ್ರೆ ಏನಾಯ್ತು, ಓದಲ್ವಲ್ಲ” ಎಂದೆ ನಾನು.

ಅವನು ನಗಲಿಲ್ಲ. ನಾನು ನಕ್ಕೆ. ನನ್ನ ಬಾಯಿಂದ ಬಂದ ಮಾತುಗಳಲ್ಲಿ ಅದರಷ್ಟು ಹೊಲಸಾದದ್ದು ಇನ್ನೊಂದಿಲ್ಲ.

ಅದೇ ವಾರ ಕೈಗೆ ಕಟ್ಟು ಹಾಕಿಸಿಕೊಳ್ಳಲು ದವಾಖಾನೆಗೆ ಹೋಗಿದ್ದೆ. ಅಕ್ಕ ಬೆಂಚಿನ ಮೇಲೆ ಪೇಪರು ಹಿಡಿದಿರಲಿಲ್ಲ. ರೋಗಿಗಳು ತಮ್ಮ ಹೆಸರನ್ನು ಎಳೆದೆಳೆದು, ಕಿವಿ ಕೇಳದವರಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಒಬ್ಬ ಹಳೆಯ ರೋಗಿ, ಒಳ್ಳೆಯ ಮನುಷ್ಯನೇ, ಮೇಜಿನ ಮೇಲೆ ಬಾಗಿ, “ನೀವು ಬಿಡಿ ಅಮ್ಮಾ, ನಾನೇ ಹುಡುಕ್ಕೊತೀನಿ” ಎಂದು ಡ್ರಾಯರಿಗೆ ಕೈ ಹಾಕಿದ. ಅಕ್ಷರದ ಸಾಲು ಹುಡುಕಿದ, ಸಿಗಲಿಲ್ಲ. ಒಂದೊಂದೇ ಕಾರ್ಡು ಹೊರಗೆ ತೆಗೆದು ಮೇಜಿನ ಮೇಲೆ ಗುಡ್ಡೆ ಹಾಕಿದ. “ಓ, ಇದೇ ಏನು ಆ ದಾರ? ಕೆಂಪು ಅಂದ್ರೆ ಬಾಯಿಬಡುಕರು ಅಲ್ವಾ?” ಎಂದು ಎತ್ತಿ ಹಿಡಿದ. ಕೂತವರೆಲ್ಲ ನಕ್ಕರು. ಅಕ್ಕ ಆ ಗುಡ್ಡೆಯಲ್ಲಿ ಕೈಯಾಡಿಸಿ, ಕಣ್ಣಲ್ಲೇ ಆರಿಸಿ, ಅವನ ಕಾರ್ಡನ್ನು ಅವನ ಕೈಗೆ ಕೊಟ್ಟಳು. ಚಪ್ಪಲಿ ಮೆಟ್ಟಿ ಹೊರಟವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಮನೆಯಲ್ಲಿ ಅವಳು ಕೂಗಾಡಲಿಲ್ಲ. ತಮ್ಮನನ್ನು ಒಂದೇ ಒಂದು ಮಾತು ಕೇಳಿದಳು. “ಸ್ಟೇಜಿನ ಮೇಲೆ ನೀನು ಓದೋಕೆ ಬರಲ್ಲ ಅಂದಿದ್ದು ನಾನೇ ಕೇಳಿದೀನಿ. ಆದ್ರೆ ದಾರದ ವಿಷ್ಯ ಜನಕ್ಕೆ ಹೇಗೆ ಗೊತ್ತಾಯ್ತು? ನಿಂಗೆ ಬಿಟ್ಟು ಯಾರಿಗೂ ಹೇಳಿರ್ಲಿಲ್ಲ.”

ಅವನು ನೆಲ ನೋಡುತ್ತ, “ಡಾಕ್ಟ್ರು ಡ್ರಾಯರ್ ನೋಡಿ ಪತ್ತೆ ಹಚ್ಚಿರಬೇಕು. ಅವರೇ ಯಾರಿಗೋ ಹೇಳಿದಾರೆ” ಎಂದ.

ಅಕ್ಕ ನಂಬಿದಳು. ಅವಳಿಗೆ ಗೊತ್ತಿದ್ದ ಮಟ್ಟಿಗೆ ತಮ್ಮ ಯಾವತ್ತೂ ತಪ್ಪು ಓದಿ ಹೇಳಿದವನಲ್ಲವಲ್ಲ. ಡಾಕ್ಟರು ಮೂರು ಸಲ ಹೇಳಿಕಳಿಸಿದರು, ಒಮ್ಮೆ ತಾವೇ ಮನೆಗೆ ಬಂದು, “ನಿನ್ನ ಹಾಗೆ ಕಾರ್ಡು ಹುಡುಕೋರು ಯಾರೂ ಇಲ್ಲಮ್ಮ, ಬಾ” ಎಂದರು. ಅಕ್ಕ ಒಳಗಿನಿಂದ ಹೊರಗೆ ಬರಲಿಲ್ಲ. ರಿಪೇರಿ ಬಾಗಿಲಲ್ಲಿ ನಿಂತು ಅವರನ್ನು ಬೀಳ್ಕೊಟ್ಟ. ಬೀದಿಯಲ್ಲಿ ಡಾಕ್ಟರು ಎದುರಾದರೆ ಅಕ್ಕ ಮುಖ ತಿರುಗಿಸಿಕೊಂಡು ಹೋಗುವಳು. ಹದಿಮೂರು ವರ್ಷ ಹೀಗೇ ನಡೆಯಿತು. ಡಾಕ್ಟರು ತೀರಿಕೊಂಡಾಗ ಊರಿಗೆ ಊರೇ ಅವರ ಮನೆಗೆ ಹೋಯಿತು. ಅಕ್ಕ ಹೋಗಲಿಲ್ಲ.

“ಈಗ್ಲಾದ್ರೂ ಹೇಳಿಬಿಡೋ” ಎಂದೆ ನಾನು.

“ಹೇಳಿದ್ರೆ ನನ್ನ ಜೊತೆ ಇರಲ್ಲ ಅವಳು” ಎಂದ. ಅವನ ಭಯವೆಲ್ಲ ಇಷ್ಟೇ. ಹೇಳಬಹುದಾಗಿದ್ದ ನಾನೂ ಹೇಳಲಿಲ್ಲ.

ಅವನ ಮುಂದಿನ ನಿರ್ದೇಶನದ ಕತೆ ಚಿಕ್ಕದು. ಇನ್ನೂ ಎರಡು ಸಿನಿಮಾ ಮಾಡಿದ. ಆದರೆ ಗುಟ್ಟನ್ನು ತಾನೇ ಡಂಗುರ ಹೊಡೆದಿದ್ದನಲ್ಲ, ಇವನು “ಆಯ್ತು” ಎಂದಕೂಡಲೇ ನಟರೆಲ್ಲ ಇನ್ನೂ ಹುರುಪಿನಿಂದ ನಟಿಸಲು ಶುರುಮಾಡುತ್ತಿದ್ದರು. ಒಬ್ಬಾಕೆ “ಆಯ್ತು” ಆದಮೇಲೆ ಹತ್ತು ನಿಮಿಷ ಬಿಕ್ಕಿಬಿಕ್ಕಿ ಅತ್ತಳು. ಇನ್ನೊಬ್ಬ ಮಹಾಶಯ ಬೂಟು ಬಿಚ್ಚಿ ಹೆಬ್ಬೆರಳು ಹಿಸುಕಿಕೊಂಡ. ಎರಡೂ ಸಿನಿಮಾ ನೆಲಕಚ್ಚಿದವು. ಅವನು ಅಂಗಡಿಗೆ ಮರಳಿದ. ಅಷ್ಟರಲ್ಲಿ ಟಿ.ವಿ.ಗಳು ರೊಟ್ಟಿಯ ಹಾಗೆ ತೆಳ್ಳಗಾಗಿದ್ದವು, ಕೆಟ್ಟರೆ ಯಾರೂ ರಿಪೇರಿಗೆ ತರುತ್ತಿರಲಿಲ್ಲ. ಎರಡೂ ಸಿನಿಮಾಗಳನ್ನು ಅವನು ಮೊದಲು ಅಕ್ಕನಿಗೇ ತೋರಿಸಿದ್ದ. ಅವಳು ಕೊನೆಯವರೆಗೂ ನೋಡಿ, ಎದ್ದು, “ಊಟಕ್ಕೆ ಬಾ” ಎಂದಳು. ಬೀದಿಯ ಬೋರ್ಡು ತೋರಿಸಿ “ಏನಂತೆ ಅದು?” ಎಂದು ಕೇಳುವುದನ್ನು ಯಾವಾಗಲೋ ನಿಲ್ಲಿಸಿದ್ದಳು.

ಹೋದ ತಿಂಗಳು ಸಂಘದವರು ಹಳೆಯ ಸಿನಿಮಾ ಮತ್ತೆ ತೋರಿಸುತ್ತೇವೆ, ಅಕ್ಕನವರೂ ವೇದಿಕೆಗೆ ಬರಬೇಕು, ಬರದಿದ್ದರೆ ನಾಲ್ಕು ಮಾತಾದರೂ ವಿಡಿಯೋ ಮಾಡಿ ಕೊಡಿ ಎಂದು ದುಂಬಾಲು ಬಿದ್ದರು. ಒಂದು ಮಧ್ಯಾಹ್ನ ನಾನು ಕ್ಯಾಮೆರಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಅವರ ಮನೆಗೆ ಹೋದೆ. ಅಕ್ಕ ಅದೇ ಅಡುಗೆಮನೆ ಮೆಟ್ಟಿಲ ಮೇಲೆ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೂಗಿನ ಮೇಲೆ ಹೊಸ ಕನ್ನಡಕ. ರಿಪೇರಿ ಎದುರಿಗೆ ನೆಲದ ಮೇಲೆ ಕೂತು, ಸುತ್ತಿ ಬಳಸಿ ವಿಷಯ ಹೇಳಿದ.

ಅಕ್ಕ ಎದ್ದಳು. ಒಳಗೆ ಹೋಗಿ ಮಡಚಿದ ಒಂದು ಕಾಗದ ತಂದಳು. ಬಿಡಿಸಿದಳು. ಹಳದಿಯಾದ ಪೇಪರಿನ ಪುಟ. ಮೇಲೆ ರಿಪೇರಿಯ ಫೋಟೋ, ಕೆಳಗೆ ಮೂರು ಕಾಲಂ.

“ಡಾಕ್ಟ್ರು ತೀರ್ಕೊಂಡು ಒಂದು ತಿಂಗಳಿಗೆ ಅವರ ಹೆಂಡತಿ ತಂದುಕೊಟ್ರು” ಎಂದಳು. “ಡಾಕ್ಟ್ರು ಮೇಜಿನ ಡ್ರಾಯರಲ್ಲಿ ಇಟ್ಕೊಂಡಿದ್ರಂತೆ. ನನಗೆ ಕೊಡು ಅಂತ ಯಾವತ್ತೂ ಹೇಳಿರ್ಲಿಲ್ವಂತೆ. ಹೆಂಡತೀನೇ ತಾವಾಗಿ ತಂದ್ರು.”

ಪುಟವನ್ನು ಮಡಿಲ ಮೇಲೆ ಹರಡಿಕೊಂಡಳು.

“ಏನಿದೆ ಇದ್ರಲ್ಲಿ ಅಂತ ಕೇಳಿದ್ರೆ ಓದಿ ಹೇಳೋರು ಬೇಕಾದಷ್ಟು ಜನ ಇದ್ರು. ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಸಾಕು ಅನ್ನಿಸ್ತು. ಪಕ್ಕದ ಮನೆ ಟೀಚರಮ್ಮ ದಿನಾ ಮಧ್ಯಾಹ್ನ ಕೂರಿಸ್ಕೊಂಡು ಹೇಳ್ಕೊಟ್ರು. ಮೂರು ವರ್ಷ ಹಿಡೀತು. ನಾನು ಓದ್ತೀನಿ, ನೀನು ಸರಿನಾ ಅಂತ ಹೇಳು.”

ಬೆರಳನ್ನು ಮೊದಲ ಸಾಲಿನ ಕೆಳಗೆ ಇಟ್ಟಳು. ಅಕ್ಷರಕ್ಕೆ ಅಕ್ಷರ ಕೂಡಿಸಿ, ಒತ್ತಕ್ಷರ ಬಂದಲ್ಲಿ ಉಸಿರು ನಿಲ್ಲಿಸಿ, ಮತ್ತೆ ಹಿಂದಿನಿಂದ ಹಿಡಿದು ಓದಿದಳು. ಒಂದೊಂದು ಸಾಲು ಮುಗಿದಾಗಲೂ ತಲೆಯೆತ್ತಿ ತಮ್ಮನ ಮುಖ ನೋಡುವಳು. ಅವನು “ಸರಿ” ಎನ್ನುವನು. ಪುಟದ ಮಡಿಕೆಗಳು ಹರಿಯುವಷ್ಟು ಸವೆದಿದ್ದವು. ಇದನ್ನು ಅವಳು ಈಗಾಗಲೇ ಎಷ್ಟು ಸಲ ಓದಿದ್ದಳೋ ನನಗೆ ತಿಳಿಯದು.

“ನಮ್ಮ... ಅಕ್ಕ-ನಿಗೆ... ನಿಜ-ವಾಗಿಯೂ... ಓದಲು... ಬರು-ವು-ದಿಲ್ಲ.” ಬೆರಳು ನಿಂತಿತು. “ಸರಿನಾ?”

“ಸರಿ” ಎಂದ ರಿಪೇರಿ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹಾಗೆ ಅಳುತ್ತಿರುವಾಗಲೇ, ಇದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ, ಅವನ ಕಣ್ಣು ಒಂದು ಸಲ ನನ್ನ ಬ್ಯಾಗಿನ ಕಡೆ ಹೋಗಿಬಂತು. ಮೆಟ್ಟಿಲು, ಕನ್ನಡಕ, ಪೇಪರಿನ ಮೇಲೆ ಸರಿಯುವ ಆ ಬೆರಳು. ಅವನಿಗೆ ಕಂಡದ್ದು ನನಗೂ ಕಂಡಿತ್ತು. ನನ್ನ ಕೈ ಆಗಲೇ ಜಿಪ್ಪಿನ ಮೇಲಿತ್ತು.

ಅಕ್ಕ ಇಬ್ಬರನ್ನೂ ನೋಡಿದಳು. “ಅದನ್ನ ಆಚೆ ಇಟ್ಟು ಬಾಪ್ಪ” ಎಂದು ನನಗೆ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಭೂಮಿ ಬಾಯಿ ಬಿಟ್ಟಿದ್ದರೆ ನಾನು ಬ್ಯಾಗಿನ ಸಮೇತ ಇಳಿದುಬಿಡುತ್ತಿದ್ದೆ. ಹೊರಗಿನ ಕಟ್ಟೆಯ ಮೇಲೆ ಬ್ಯಾಗಿಟ್ಟು, ಬಾಗಿಲು ಮುಂದೆ ಮಾಡಿ ಬಂದು ಕೂತೆ. ಅವಳು ಎರಡನೇ ಕಾಲಮ್ಮಿನ ಕೊನೆಯ ಸಾಲಿನಲ್ಲಿದ್ದಳು. ಅದನ್ನೂ ಮುಗಿಸಿದಳು.

ರಿಪೇರಿ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡು, ಮೊಣಕಾಲೂರಿ ಏಳಲು ಹೋದ. “ಆಯ್ತಲ್ಲಕ್ಕಾ. ಸಾಕು. ಪೂರ್ತಿ ಸರಿಯಾಗಿ ಓದಿದೆ.”

ಅಕ್ಕ ಕನ್ನಡಕ ಮೇಲೇರಿಸಿಕೊಂಡು, ಬೆರಳನ್ನು ಪುಟದ ಮೇಲಕ್ಕೆ ಒಯ್ದು, ಬಲಗಡೆಯ ಮೊದಲ ಸಾಲಿನ ಮೇಲೆ ಇಟ್ಟಳು.

“ಎಲ್ಲಾಯ್ತು? ಇನ್ನೂ ಒಂದು ಕಾಲಂ ಇದೆ. ಕೂತ್ಕೋ.”